ಇಪ್ಪತ್ತೊಂಬತ್ತು ಮಿಲಿವೋಲ್ಟು

ಜ್ಯೂರಿಕ್‌ನ ನವೆಂಬರು. ಕಿಟಕಿಗೆ ಮಂಜು ಮೆತ್ತಿ
ಟ್ರಾಮಿನ ಗಂಟೆಯೊಂದೇ ದಿಬ್ಬ ಹತ್ತಿ ಬರುತ್ತದೆ.
ರೆಗುಲಾ ಗಾಜಿನ ಬಳೆಯೊಳಗೆ ಸುರಿದಿಟ್ಟ ದ್ರಾವಣ
ರಾತ್ರಿಯಿಡೀ ಆರಿ, ಹಾಲಿನ ಕೆನೆಗಿಂತ ತೆಳುವಾಗಿ
ಎದ್ದಿದೆ. ಚಿಮುಟದಲ್ಲಿ ಹಿಡಿದು ಬೆಳಕಿಗೆ ನೋಡುತ್ತಾಳೆ.
ಏನೂ ಕಾಣದು. ಕಾಣಲೂಬಾರದು.

ಇದರೊಳಗೆಲ್ಲೋ ನಲವತ್ತೇಳನೆಯ ಅಣು.
ಹಿಂದಿನವು ಕಪಾಟಿನ ಸೀಸೆಗಳಲ್ಲಿ, ಚೀಟಿ ಹಳದಿಯಾಗಿ.
ಕೆಲವು ಸೋಡಿಯಮ್ಮಿಗೂ ಬಾಗಿಲು ತೆಗೆದವು,
ಕರೆದವರಿಗೆಲ್ಲ ಓಗೊಡುವ ಜಾತಿ.
ಮೂವತ್ತೊಂಬತ್ತನೆಯದು ಹಾಗಲ್ಲ:
ಕ್ಯಾಲ್ಸಿಯಂ ಬಿಟ್ಟು ಯಾರನ್ನೂ ಮುಟ್ಟಲಿಲ್ಲ,
ಮುಟ್ಟಿದ್ದನ್ನು ಬಿಡಲೂ ಇಲ್ಲ.
ಉಡದ ಹಿಡಿತ. ಮೀಟರಿನ ಮುಳ್ಳು ಕದಲಲಿಲ್ಲ.
"ಮದುವೆಗಾದರೆ ಸರಿ," ಎಂದ ರೇಟೋ, "ನಮಗೆ ಬೇಡ."

ಅಂದೇ ಸಂಜೆ ಆಸ್ಪತ್ರೆಯಲ್ಲಿ
ಕೊರಳಿಗೆ ಹೊಲಿಗೆ ಬಿದ್ದ ಅಣ್ಣ,
ಮೊಗ್ಗಿನಂತೆ ಮುದುಡಿದ ಬೆರಳು ಬಿಚ್ಚಲಾರದೆ
ಅವಳ ಕೋಟಿನ ಗುಂಡಿ ಹಿಡಿದೇ ಇದ್ದ.
ರಕ್ತದಲ್ಲಿ ಸುಣ್ಣ ಇಳಿದಿದೆ, ಎಂದರು ಡಾಕ್ಟರು.
ಎಷ್ಟು ಎನ್ನಲು ಬೆಳಗಾಗಬೇಕಿತ್ತು.

ಈಗ ಲೋಟದಲ್ಲಿ ಸರೋವರದ ನೀರು,
ಮನೆಮನೆಯ ಕೆಟಲಿನಲ್ಲಿ ಬಿಳಿ ಹಕ್ಕಳೆ ಕಟ್ಟುವ ಅದೇ ನೀರು.
ಮುಳ್ಳು ಏಳುತ್ತದೆ.
ಸುಣ್ಣ ಹತ್ತು ಪಟ್ಟಾದರೆ
ಇಪ್ಪತ್ತೊಂಬತ್ತು ಮಿಲಿವೋಲ್ಟು, ಚೂರು ಜಾಸ್ತಿ.
ತೊಳೆದರೆ ಇಳಿಯುತ್ತದೆ.
ಅದ್ದಿದರೆ ಮತ್ತೆ ಏಳುತ್ತದೆ.
ತೊಳೆದರೆ, ಮತ್ತೆ.

ರೆಗುಲಾ ಪುಸ್ತಕದಲ್ಲಿ ಅಂಕಿ ಬರೆದಳು.
ಕೆಳಗೆ ಇನ್ನೇನೋ ಬರೆಯಹೊರಟು
ಪೆನ್ನಿಗೆ ಮುಚ್ಚಳ ಹಾಕಿ, ಕೋಟು ತೊಟ್ಟಳು.
ನಡುವಿನ ಗುಂಡಿ ಇಲ್ಲ,
ದಾರ ಮಾತ್ರ.