ಹನ್ನೊಂದು ಮೆಟ್ಟಿಲು

ಆರನೆಯ ದಿನ ರಾತ್ರಿ ಎರಡಕ್ಕೇ ಎಬ್ಬಿಸಿದೆ.
ಗಂಜಿ ಯಾರಿಗೂ ಸೇರಲಿಲ್ಲ, ಚಹಾ ಸಾಕಂತೆ.
ಐದು ದಿನ ಕೆಸರು ಕುಡಿದ ಗಮ್‌ಬೂಟುಗಳು
ಹೊರಗೆ ಬಾಯಿ ತೆರೆದು ನಿಂತಿದ್ದವು.

ನಮ್ಮಲ್ಲಿ ಹೆಸರೆಂದರೆ ಹುಟ್ಟಿನ ಲೆಕ್ಕ:
ಮೊದಲವ ಬಲುಕು, ಎರಡನೆಯವ ಬ್ವಂಬಾಲೆ,
ನಾನು ಮಸೆರೆಕಾ, ಮೂರನೆಯವ.
ನಾಲ್ಕನೆಯವ? ಹಗ್ಗದ ತುದಿಯಿಂದ ಹುಡುಗಿ, ಏದುಸಿರಲ್ಲಿ.
ಕುಲೆ. ಕೆಳಗೆ ನಿನಗೆ ಮೊಟ್ಟೆ ಬೇಯಿಸುತ್ತಿದ್ದಾನೆ.

ಹಿಮ ಮುಗಿದು ಬಂಡೆ ಏಳುವಲ್ಲಿ
ಒಂದು ಏಣಿ.
ಅಪ್ಪನ ಕಾಲಕ್ಕೆ ಇರಲಿಲ್ಲ,
ಹಿಮವೇ ಬಂಡೆಯ ಭುಜಕ್ಕೆ ತಾಗಿತ್ತು, ದಾಟಿದರಾಯಿತು.
ನನ್ನ ಮೊದಲ ವರ್ಷ ಮೂರು ಮೆಟ್ಟಿಲು.
ಈಗ ಹನ್ನೊಂದು. ಕೊನೆಯೆರಡನ್ನು
ಕಸೇಸೆಯ ಗ್ಯಾರೇಜಿನಿಂದ ಬೆನ್ನಿಗೆ ಕಟ್ಟಿ ತಂದವನು ನಾನೇ.

ಈ ಬಿಳುಪಿನಲ್ಲಿ ಕಿಟಸಂಬ ಮಲಗಿದ್ದಾನೆಂದು
ಅಜ್ಜ ಇಲ್ಲಿ ಸಿಳ್ಳೆ ಹಾಕಲು ಬಿಡುತ್ತಿರಲಿಲ್ಲ.
ನಾನೂ ಹಾಕುವುದಿಲ್ಲ.
ಹಾಸಿಗೆ ಮೊಟಕಾದ ಮುದುಕ,
ಎಬ್ಬಿಸಿ ಏನು ಹೇಳಲಿ?

ತುದಿ. ಮೋಡ. ಫೋಟೋ.
ಯಾರೋ ನಕ್ಕರು, ಒಬ್ಬ ಅತ್ತ.
ಹುಡುಗಿ ಕೈಗವಸು ಕಳಚಿ ಕೈಕುಲುಕಿದಳು.

ಇಳಿಯುವಾಗ ಎಣಿಸು ಎಂದೆ.
ಎಣಿಸಿದಳು ಗಟ್ಟಿಯಾಗಿ, ತನ್ನ ಭಾಷೆಯಲ್ಲಿ.
ಹನ್ನೊಂದರ ಆಮೇಲೆ ಅವಳ ಕಾಲು
ಗಾಳಿಯಲ್ಲಿ
ಇನ್ನೂ ಒಂದನ್ನು ತಡಕಿತು.