ಹನ್ನೊಂದರ ಸೆಟ್ಟು

ಪೊಲೀಸಿನವನೇ ಮೊದಲು ಖಾಲಿಯಾಗುತ್ತಾನೆ.
ಮಕ್ಕಳಿಗೆ ಅವನ ಲಾಠಿ ಇಷ್ಟ, ಟೊಪ್ಪಿ ಇಷ್ಟ.
ಅವನ ಹಿಂದೆ ಬಾವುಟ ಹಿಡಿದವನು.
ಕನ್ನಡಕದ ವಕೀಲರು ವರ್ಷಕ್ಕೆ ನಾಲ್ಕು ಹೋದರೆ ಹೆಚ್ಚು.
ಉಪ್ಪು ಎತ್ತಿ ಹಿಡಿದವನ ಹೆಬ್ಬೆರಳು
ಕುಮಟೆಯಿಂದ ಬರುವಾಗ ಪೆಟ್ಟಿಗೆಯಲ್ಲೇ ಮುರಿಯುತ್ತದೆ.
ಅಂಟಿಸಿ, ಬಣ್ಣ ಮುಟ್ಟಿಸಿ, ಮಾರುವುದು ನನ್ನ ಕೆಲಸ.

ಕಾರವಾರದ ಕಡಲಿಗೆ ಮುಖ ಮಾಡಿದ ಅಂಗಡಿ.
ಸತ್ಯಾಗ್ರಹದ ನೆನಪಿನ ಗೊಂಬೆಗಳು, ಸುಟ್ಟ ಮಣ್ಣಿನವು,
ಹನ್ನೊಂದರ ಸೆಟ್ಟಿಗೆ ಎರಡು ಸಾವಿರದ ಇನ್ನೂರು,
ಬಿಡಿಗೆ ಇನ್ನೂರೈವತ್ತು. ಚೌಕಾಸಿ ಇಲ್ಲ.

ಪೆಡ್ನೇಕರ ಸಾಹೇಬರು ಶುಕ್ರವಾರ ಬರುತ್ತಾರೆ,
ಬಂದರು ಕಚೇರಿಯ ಪಿಂಚಣಿ, ಕೈಯಲ್ಲಿ ಕೊಡೆ.
‘ಏಳನೆಯದು ಬಂತೇ?’
ಏಳನೆಯದು ಮೀನುಬುಟ್ಟಿಯ ತಳದಲ್ಲಿ
ಕರಪತ್ರ ಅಡಗಿಸಿ ಊರೂರು ದಾಟಿಸಿದವಳು.
ಉಳಿದ ಹತ್ತೂ ಅವರ ಕಪಾಟಿನಲ್ಲಿ ಗಾಜಿನ ಹಿಂದೆ ಇವೆ.
ಅವಳ ಹೆಸರೇನಂತೆ ಎಂದು ಕೇಳಿದೆ.
ಚೀಟಿ ತಿರುಗಿಸಿ ನೋಡಿದರು: ‘ಮೀನುಗಾರ್ತಿ.’

ಕಳೆದ ವಾರ ಒಬ್ಬರು ಸೆಟ್ಟು ವಾಪಸು ತಂದರು.
ಮೈತುಂಬ ಬಿಳಿ ಹುಡಿ, ಬೂಷ್ಟು ಹಿಡಿದಿದೆ, ದುಡ್ಡು ಕೊಡಿ.
ಬೂಷ್ಟಲ್ಲ, ಉಪ್ಪು ಬಿಟ್ಟಿದೆ, ಅಂದೆ.
ಕಡಲ ಗಾಳಿಗೆ ಈ ಮಣ್ಣು ಹಾಗೆಯೇ.
ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟು ತೋರಿಸಿದೆ.
ಅವರು ನನ್ನ ನಾಲಿಗೆಯನ್ನೇ ನೋಡಿದರು.

ಉಪ್ಪಿನ ರುಚಿ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ನಾವು ಆಗೇರರು. ಸಾಣಿಕಟ್ಟೆಯ ಆಗರದಲ್ಲಿ
ಏಳು ತಲೆಮಾರಿನ ಹಿಮ್ಮಡಿ ಒಡೆದಿದೆ.
ಅಜ್ಜಿ ಸಣ್ಣಿಗೆ ಆಗ ಹದಿನಾಲ್ಕು.
ಖಾದಿಯವರು ಬಂದರು, ತಾಮ್ರದ ಹಂಡೆ ತಂದರು,
ಕಡಲ ನೀರು ಮೊಗೆದು ನೇರ ಬೆಂಕಿಗಿಟ್ಟರು.
ಎರಡು ಗಾಡಿ ಸೌದೆ ಉರಿಯಿತು.
ಹಂಡೆ ಕರ್ರಗಾಯಿತು. ಉಪ್ಪು ಕಾಣಲಿಲ್ಲ.

‘ಹಂಗಲ್ಲ ಒಡ್ಯಾ,’ ಅಜ್ಜಿ ದೂರದಿಂದ ಕೂಗಿದ್ದು,
‘ಬಿಸ್ಲಲ್ಲಿ ಹಣಿಬೇಕು ನೀರು. ಕೋಳಿಮೊಟ್ಟೆ ಬಿಟ್ರೆ
ತೇಲ್ಬೇಕು. ಆಮೇಲೆ ಬೆಂಕಿ.’
ಮೊಟ್ಟೆಯನ್ನು ಯಾರು ಮುಟ್ಟುವುದು ಎಂದು
ಅರ್ಧ ಗಂಟೆ ಸ್ವಾತಂತ್ರ್ಯ ನಿಂತುಹೋಯಿತಂತೆ.
ಕೊನೆಗೆ ಅಜ್ಜಿಯೇ ತನ್ನ ಗುಡಿಸಲಿಂದ ತಂದು
ಮರಳಿನ ಮೇಲೆ ಉರುಳಿಸಿದಳು.
ಉರುಳಿ ಉರುಳಿ ಹೋಯಿತು ಆ ಕಡೆಗೆ.

ಉಪ್ಪಾಯಿತು. ಜೈಕಾರವಾಯಿತು.
ಅವಳಿಗೂ ಒಂದು ಚಿಟಿಕೆ ಕೊಟ್ಟರು,
ಬೊಗಸೆ ಒಡ್ಡು ಎಂದು, ಮೇಲಿನಿಂದ, ತಾಗದ ಹಾಗೆ.
ಗಾಳಿ ಇತ್ತು. ಅರ್ಧ ಹಾರಿಹೋಯಿತು.
ಇದನ್ನು ಹೇಳುವಾಗ ಅಜ್ಜಿ ಪ್ರತಿಸಲ ನಗುತ್ತಿದ್ದಳು.
ಯಾಕೆ ನಗುತ್ತಿದ್ದಳೋ, ಕೇಳಲಿಲ್ಲ ನಾನು.

ಶೇಷಗಿರಿ ಗುಡಿಗಾರರಿಗೆ ಫೋನು ಮಾಡಿದೆ.
ಹನ್ನೆರಡನೆಯದು ಮಾಡಿಕೊಡಿ, ಖರ್ಚು ನನ್ನದು.
‘ಮೊಟ್ಟೆ ಹಿಡಿದರೆ ಕೋಳಿ ಮಾರುವವಳು ಅಂತಾರಲ್ಲ?’
ಅನ್ನಲಿ. ಆದರೆ ಅವಳು ದೂರ ನಿಂತಿರಬೇಕು.
‘ದೂರ ಕೆತ್ತೋದು ಹೇಗೆ ತಂಗಿ?
ಪೀಠ ಉದ್ದ ಬೇಕು, ಪೆಟ್ಟಿಗೆ ದೊಡ್ಡದು ಬೇಕು,
ಪಾರ್ಸಲ್ಲಿನ ದರ ನೋಡು.’

ಮಾಡಿದರು, ಒಂದೇ ಒಂದು. ಗೇಣುದ್ದದ ಹುಡುಗಿ.
ಅಂಗೈಯ ಮೊಟ್ಟೆ ಅಂಟಿಸಿಲ್ಲ, ಸುಮ್ಮನೆ ಇಟ್ಟಿದ್ದಾರೆ.
ಲಾರಿ ಹೋದರೆ, ನೌಕಾನೆಲೆಯಲ್ಲಿ ತೋಪು ಹಾರಿದರೆ
ಉದುರುತ್ತದೆ, ಕಪಾಟಿನ ಹಲಗೆಯ ಮೇಲೆ
ಉರುಳುತ್ತ ಹನ್ನೊಂದು ಜನರ ಕಾಲಿಗೆ ಹೋಗಿ ನಿಲ್ಲುತ್ತದೆ.

ಮಾಲೀಕರು ರಾತ್ರಿ ಬಾಗಿಲು ಹಾಕುವಾಗ
ಚೆಂದ ಕಾಣಲಿ ಎಂದು ಅವಳನ್ನೂ ಸಾಲಿಗೆ ಸೇರಿಸುತ್ತಾರೆ.
ಒಳ್ಳೆಯ ಮನುಷ್ಯ.
ಬೆಳಿಗ್ಗೆ ನಾನು ಬಂದು ಮತ್ತೆ ದೂರ ಇಡುತ್ತೇನೆ,
ಎಷ್ಟು ದೂರವಿತ್ತೋ ಅಷ್ಟು.

ಶುಕ್ರವಾರ ಸಾಹೇಬರು ಕೊಡೆ ಒರಗಿಸಿ ನಿಂತರು.
‘ಇದು ಎಷ್ಟನೆಯದು? ಚೀಟಿ ಇಲ್ಲವಲ್ಲ?’
ಸಣ್ಣಿ, ಅಂದೆ. ಸಣ್ಣಿ ಆಗೇರ.
ಮಾರುವುದಲ್ಲ.
ಅವರು ಬಗ್ಗಿ, ನೆಲಕ್ಕೆ ಬಿದ್ದಿದ್ದ ಮೊಟ್ಟೆಯನ್ನು
ಎತ್ತಿಕೊಂಡರು. ಎಲ್ಲಿ ಇಡಲಿ ಎಂದು
ನನ್ನ ಮುಖ ನೋಡಿದರು.