ಎರಡು ಕೋಶ, ಒಂದು ಒಲೆ

ಫೋರ್ಟಿನ ರಾತ್ರಿಶಾಲೆ. ಒಂಬತ್ತೂಕಾಲು.
ಕೈಯಲ್ಲಿನ್ನೂ ಸಾಂಬಾರಿನ ವಾಸನೆ.
ಕಿಣಿ ಮೇಷ್ಟ್ರು ಹಲಗೆಯ ಮೇಲೆ
ಎರಡು ಕೋಶ ಬರೆದರು:
ಚೌಕದ್ದು ಗಿಡ, ಉರುಟಿನದು ನಾವು.
ಎರಡರೊಳಗೂ ಅವಲಕ್ಕಿ ಚೆಲ್ಲಿದ ಹಾಗೆ
ಮೈಟೊಕಾಂಡ್ರಿಯ.

‘ಗಿಡಕ್ಕೆ ಬಿಸಿಲುಂಟಲ್ಲ ಸರ್, ಒಲೆ ಯಾಕೆ?’
ಕೇಳಿದ್ದು ದೂಮ, ಗ್ಲಾಸು ತೊಳೆಯುವವ.
‘ಬಿಸಿಲಲ್ಲಿ ರೇಶನ್ ಬಂತು, ಅಷ್ಟೆ.
ಉರಿಸಬೇಡವೋ? ರಾತ್ರಿಯೂ?’

ಆಮೇಲೆ, ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ:
ಇದು ನಮಗೆ ಬರುವುದು ತಾಯಿಯಿಂದ.
ಹಿಂದಿನ ಬೆಂಚಿನ ತುಳುವರು ನಕ್ಕೆವು.
ಇಷ್ಟೆಯಾ?
ನಮ್ಮ ಬಳಿ ಬರುವುದೂ ಹಾಗೇ.

ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರು.

ಒಂದು ಗಂಟೆಗೆ ಭಟ್ಟಿ ಆರಿಸಿ
ಹಿಟ್ಟಿನ ಮೂಟೆಗೆ ತಲೆಯಿಟ್ಟರೆ
ಒಳಗೆಲ್ಲೋ
ಬೀಡಿ ಸುತ್ತಿ ಸವೆದ ಬೆರಳೊಂದು
ಉರಿ ತಗ್ಗಿಸುತ್ತದೆ,
ಆರಿಸುವುದಿಲ್ಲ.